ಓದುಗರ ಪ್ರಶ್ನೆ: ಅಮೆರಿಕದ ಕೋವಿಪ್ರಿಯರು ಮತ್ತು ಸೇನಾ ಮಾದರಿಯ ರೈಫಲ್

ಸೇನೆಯ ರೈಫಲ್ಲನ್ನು ಹೋಲುವ ಎಆರ್-15 ಮಾದರಿಯ ರೈಫಲ್‌ಗಳನ್ನು ನಿಷೇಧಿಸಿರುವ ಮೇರಿಲ್ಯಾಂಡ್ ರಾಜ್ಯದ ಕಾನೂನನ್ನು ಪ್ರಶ್ನಿಸಿದ ಮೇಲ್ಮನವಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್ ತಿಂಗಳಲ್ಲಿ ವಿಚಾರಣೆಗೆ ಎತ್ತಿಕೊಳ್ಳದೆ ಬಿಟ್ಟಿತು ಎಂಬ ಸಂಗತಿಯನ್ನು ಈ ಅಂಕಣದಲ್ಲಿ ಹಿಂದೆ ಪ್ರಸ್ತಾಪಿಸಿದ್ದೆ. ಅದಕ್ಕೆ ಬಂದ ಪತ್ರಗಳೆಲ್ಲ ಸುತ್ತಿ ಬಳಸಿ ಒಂದೇ ವಿಷಯಕ್ಕೆ ಬರುತ್ತವೆ. ಇಂಥ ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಅದಕ್ಕೆ ಕೊಡುವ ಸಮರ್ಥನೆಯಾದರೂ ಏನು? ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ‘ಸೇನಾ ಮಾದರಿಯ ರೈಫಲ್’ ಎಂದು ಕರೆದರೆ ಅಲ್ಲಿನ ಬಂದೂಕುಪ್ರಿಯರು ಕೆರಳುತ್ತಾರೆ ಎಂದು ಬರೆದಿದ್ದಿರಿ. ನೋಡಲು ಎರಡೂ ಒಂದೇ ಇರುವಾಗ ಕೆರಳುವುದೇಕೆ?
– ನಿವೃತ್ತ ಶಿಕ್ಷಕರೊಬ್ಬರು, ತಿಪಟೂರು

ಉತ್ತರ: ನೀವು ಕೊನೆಯಲ್ಲಿ ಹೇಳಿದ ಮಾತೇ ಅವರ ಸಿಟ್ಟಿನ ಮೂಲ. ನೋಡಲು ಒಂದೇ ಇವೆ ಎಂಬ ಕಾರಣಕ್ಕೆ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ ಎಂಬುದು ಅವರ ದೂರು. ಸೈನಿಕನ ಕೈಯಲ್ಲಿರುವ ಎಂ16 ಅಥವಾ ಎಂ4 ರೈಫಲ್ಲಿನ ಪಕ್ಕದಲ್ಲಿ ಒಂದು ಸಣ್ಣ ಸನ್ನೆಗುಬ್ಬಿ ಇರುತ್ತದೆ. ಅದನ್ನು ತಿರುಗಿಸಿಟ್ಟರೆ, ಟ್ರಿಗರನ್ನು ಒಮ್ಮೆ ಅದುಮಿದಾಗ ಮೂರು ಗುಂಡುಗಳು ಹಾರುತ್ತವೆ. ಕೆಲವು ಮಾದರಿಗಳಲ್ಲಿ ಅದುಮಿ ಹಿಡಿದಷ್ಟು ಹೊತ್ತೂ ಹಾರುತ್ತಲೇ ಇರುತ್ತವೆ. ನಾಗರಿಕರಿಗೆ ಮಾರುವ ಎಆರ್-15ರಲ್ಲಿ ಆ ಸೌಲಭ್ಯ ಇಲ್ಲ. ಒಂದು ಅದುಮಿಗೆ ಒಂದೇ ಗುಂಡು. ಆದರೆ ಆ ಗುಂಡನ್ನು ತಳ್ಳಿದ ಅನಿಲದ ಒತ್ತಡವೇ ಖಾಲಿ ತೋಟಾವನ್ನು ಹೊರಗೆಸೆದು ಮುಂದಿನದನ್ನು ನಳಿಗೆಗೆ ಏರಿಸುವುದರಿಂದ, ಬೆರಳು ಎಷ್ಟು ಬೇಗ ಆಡಬಲ್ಲುದೋ ಅಷ್ಟು ಬೇಗ ಹಾರಿಸಬಹುದು. ಅರೆಸ್ವಯಂಚಾಲಿತ ಎನ್ನುವುದು ಇದಕ್ಕೆ. ಒಂದು ಅದುಮಿಗೆ ಹಲವು ಗುಂಡು ಹಾರಿಸುವ ಬಂದೂಕುಗಳ ವಿಷಯದಲ್ಲಿ ಅಲ್ಲಿಯೂ ಕಾನೂನು ಬಿಗಿಯಾಗಿಯೇ ಇದೆ. 1986ರ ಮೇ 19ರ ನಂತರ ತಯಾರಾದ ಯಾವ ಮಷಿನ್ ಗನ್ನನ್ನೂ ಸಾಮಾನ್ಯ ನಾಗರಿಕನು ಕೊಳ್ಳುವಂತಿಲ್ಲ.

ಎಆರ್ ಎಂಬುದು ‘ಅಸಾಲ್ಟ್ ರೈಫಲ್’ ಎಂಬುದರ ಹ್ರಸ್ವರೂಪ ಎಂದು ಬಹಳ ಜನ ತಿಳಿದಿದ್ದಾರೆ. ಅದು ಆರ್ಮಲೈಟ್ ಎಂಬ ಕಂಪನಿಯ ಹೆಸರಿನಿಂದ ಬಂದದ್ದು. ಯೂಜೀನ್ ಸ್ಟೋನರ್ ಎಂಬ ತಂತ್ರಜ್ಞ 1950ರ ದಶಕದಲ್ಲಿ ಆ ಕಂಪನಿಯಲ್ಲಿದ್ದಾಗ ಇದನ್ನು ರೂಪಿಸಿದ. 1959ರಲ್ಲಿ ಹಕ್ಕುಗಳು ಕೋಲ್ಟ್ ಕಂಪನಿಗೆ ಮಾರಾಟವಾದವು. ಒಂದು ಕವಲು ಎಂ16 ಆಗಿ ವಿಯೆಟ್ನಾಂ ಯುದ್ಧಕ್ಕೆ ಹೋಯಿತು, ಇನ್ನೊಂದು ಕವಲು 1964ರಿಂದ ನಾಗರಿಕರ ಅಂಗಡಿಗೆ ಬಂತು. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ಸೇನೆಗೆ ಸೇರಿದ, ಇನ್ನೊಬ್ಬ ಊರಲ್ಲೇ ಉಳಿದ ಎಂದಿಟ್ಟುಕೊಳ್ಳಿ.

ರೂಪವನ್ನು ನೋಡಿ ಮಾಡಿದ ಕಾನೂನು ಎಂಥ ಪೇಚಿಗೆ ಸಿಲುಕುತ್ತದೆ ಎಂಬುದನ್ನು ತೋರಿಸಲು ಬಂದೂಕುಪ್ರಿಯರು ತಪ್ಪದೆ 1994ರ ಕಾನೂನನ್ನು ಎತ್ತಿಕೊಳ್ಳುತ್ತಾರೆ, ಮತ್ತು ಈ ಒಂದು ವಿಷಯದಲ್ಲಿ ನಾನು ಅವರ ಕಡೆಗೇ ವಾಲುತ್ತೇನೆ. ಅಧ್ಯಕ್ಷ ಕ್ಲಿಂಟನ್ ಆ ವರ್ಷದ ಸೆಪ್ಟೆಂಬರ್ 13ರಂದು ಸಹಿ ಹಾಕಿದ ಆ ಕಾನೂನು, ತೋಟಾ ತುಂಬುವ ಮ್ಯಾಗಜೀನನ್ನು ಕಳಚಿ ಹಾಕಬಲ್ಲ ಅರೆಸ್ವಯಂಚಾಲಿತ ರೈಫಲ್ಲಿಗೆ ಪಿಸ್ತೂಲಿನಂಥ ಹಿಡಿ, ಮಡಿಸಬಲ್ಲ ಬಟ್ಟು (ಭುಜಕ್ಕೆ ಆನಿಸುವ ಹಿಂಬದಿ), ಬಾಯೊನೆಟ್ ಎಂಬ ಚೂರಿ ಸಿಕ್ಕಿಸುವ ಕೊಂಡಿ, ನಳಿಗೆಯ ತುದಿಯ ಬೆಂಕಿಯ ಹೊಳಪನ್ನು ಮರೆಸುವ ಸಾಧನ, ಗ್ರೆನೇಡ್ ಹಾರಿಸುವ ಸಲಕರಣೆ ಇವುಗಳಲ್ಲಿ ಎರಡಿದ್ದರೆ ನಿಷೇಧ ಎಂದಿತು. ಕಂಪನಿಗಳು ಏನು ಮಾಡಿದವು? ಬಾಯೊನೆಟ್ ಕೊಂಡಿಯನ್ನು ಕೆತ್ತಿ ತೆಗೆದು, ನಳಿಗೆಯ ತುದಿಯನ್ನು ಬೋಳಿಸಿ, ಅದೇ ಯಂತ್ರವನ್ನು ಅದೇ ಅಂಗಡಿಯಲ್ಲಿ ಮಾರಿದವು. ಅತ್ತ, ಅದೇ ತೋಟಾವನ್ನು ಅದೇ ವೇಗದಲ್ಲಿ ಹಾರಿಸುವ ರೂಗರ್ ಕಂಪನಿಯ ಮಿನಿ-14 ಎಂಬ ರೈಫಲ್ಲು ಮರದ ಬಟ್ಟಿನದ್ದಾಗಿ, ನಮ್ಮ ಅಜ್ಜಂದಿರ ಕೋವಿಯಂತೆ ಸಾಧುವಾಗಿ ಕಾಣುತ್ತಿದ್ದುದರಿಂದ, ಕಾನೂನಿನ ವಿನಾಯಿತಿ ಪಟ್ಟಿಯಲ್ಲಿ ಹೆಸರು ಸಹಿತ ಸೇರಿಕೊಂಡಿತು. ಬಾಯೊನೆಟ್ಟಿನಿಂದ ಇರಿದು ಅಂಗಡಿ ದೋಚಿದವನನ್ನು ನಾವು ಯಾರೂ ಕಂಡಿಲ್ಲ ಎಂದು ಅವರು ಗೇಲಿ ಮಾಡಿದರೆ ಎದುರುತ್ತರ ಕೊಡುವುದು ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ವಿಚಿತ್ರ. ಮ್ಯಾಗಜೀನನ್ನು ಬೆರಳಿನಿಂದ ಕಳಚುವಂತಿರಬಾರದು, ಉಪಕರಣ ಬೇಕಾಗಬೇಕು ಎಂಬರ್ಥದ ನಿಯಮವಿದ್ದಾಗ, ತೋಟಾದ ಚೂಪು ತುದಿಯೂ ಒಂದು ಉಪಕರಣವೇ ಎಂಬ ಜಾಡು ಹಿಡಿದು ‘ಬುಲೆಟ್ ಬಟನ್’ ಎಂಬ ಗುಂಡಿಯನ್ನೇ ತಯಾರಿಸಿ ಮಾರಿದರು. ಆ ಕಿಂಡಿಯನ್ನು ಮುಚ್ಚಲು 2016ರಲ್ಲಿ ಮತ್ತೊಂದು ಕಾನೂನು ಬೇಕಾಯಿತು.

ಹಾಗೆಂದು ಅವರ ಸಿಟ್ಟನ್ನು ಪೂರ್ತಿ ನಂಬಬೇಡಿ. ‘ಅಸಾಲ್ಟ್’ ಎಂಬ ಪದವನ್ನು ವಿರೋಧಿಗಳು ಕಟ್ಟಿದರು ಎನ್ನುತ್ತಾರಲ್ಲ, 1980ರ ದಶಕದಲ್ಲಿ ಬಂದೂಕುಪ್ರಿಯರ ಪತ್ರಿಕೆಗಳೇ ಆ ಪದವನ್ನು ಹೆಮ್ಮೆಯಿಂದ ಮುಖಪುಟದಲ್ಲಿ ಹಾಕುತ್ತಿದ್ದವು. ‘ಆಧುನಿಕ ಕ್ರೀಡಾ ರೈಫಲ್’ ಎಂಬ ಸೌಮ್ಯ ಹೆಸರನ್ನು ಬಂದೂಕು ಉದ್ಯಮದ ಸಂಘವು ಚಲಾವಣೆಗೆ ತಂದದ್ದು 2009ರಲ್ಲಿ. ಸೈನಿಕನ ಚಿತ್ರ ತೋರಿಸಿ ಮಾರುವುದು, ಸೇನಾ ಮಾದರಿ ಎಂದರೆ ಮುನಿಸಿಕೊಳ್ಳುವುದು, ಎರಡನ್ನೂ ಒಂದೇ ಬಾಯಿ ಮಾಡುತ್ತದೆ.

ಪ್ರಶ್ನೆ: ಇದರಲ್ಲಿ ಅಂಥ ಆಕರ್ಷಣೆ ಏನಿದೆ? ತಾವು ಕಣ್ಣಾರೆ ನೋಡಿದ್ದೀರಾ?
– ಗೃಹಿಣಿಯೊಬ್ಬರು, ಶಿವಮೊಗ್ಗ

ಉತ್ತರ: ನೋಡಿದ್ದೇನೆ, ಹಾರಿಸಿಲ್ಲ. ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಅಕ್ಕನ ಮಗನ ಮನೆಗೆ ಹೋಗಿದ್ದಾಗ ಅವನ ನೆರೆಮನೆಯ ಯಜಮಾನರು ನಮ್ಮಿಬ್ಬರನ್ನೂ ಒಂದು ಗುರಿ ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಪ್ರವಾಸಿ ವೀಸಾದವರ ಕೈಗೆ ಬಂದೂಕು ಕೊಡುವುದು ತೊಡಕಿನ ವಿಷಯ ಎಂದು ಅವರೇ ಮೊದಲು ಹೇಳಿ, ನನ್ನನ್ನು ಹಳದಿ ಗೆರೆಯ ಹಿಂದೆ ನಿಲ್ಲಿಸಿ, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಸಿದರು. ಕಾನೂನನ್ನು ಅಷ್ಟು ಅಕ್ಷರಶಃ ಪಾಲಿಸುವ ಮನುಷ್ಯನ ಕೈಯಲ್ಲೇ ನಮ್ಮ ದೂರದರ್ಶನ ತೋರಿಸುವ ಆ ಕರಿಯ ರೈಫಲ್ಲನ್ನು ನೋಡಿ ನನಗೆ ಸ್ವಲ್ಪ ಗೊಂದಲವಾಯಿತು.

ಅದು ಸುಮಾರು 3 ಕಿಲೋ ತೂಕದ, ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನ ವಸ್ತು. ನಮ್ಮ ಮನೆಯಲ್ಲಿದ್ದ ತಂದೆಯವರ ಜೋಡುನಳಿಗೆ ಕೋವಿ ಹಾರಿಸಿದರೆ ಭುಜ ಎರಡು ದಿನ ನೋಯುತ್ತಿತ್ತು. ಇಲ್ಲಿ ಅವರ ಹೆಂಡತಿ, ಅರವತ್ತು ದಾಟಿದ ಸಣಕಲು ಮೈಯವರು, ಬಟ್ಟನ್ನು ಎರಡು ಹಲ್ಲು ಒಳಗೆ ತಳ್ಳಿ ತಮ್ಮ ತೋಳಿನ ಅಳತೆಗೆ ತಂದುಕೊಂಡು, 100 ಗಜ ದೂರದ ಕಾಗದದ ಮೇಲೆ ಐದು ತೂತುಗಳನ್ನು ಒಂದು ಅಂಗೈಯಷ್ಟು ಜಾಗದಲ್ಲಿ ಮಾಡಿದರು. ಭುಜ ಅಲುಗಿದ್ದೂ ತಿಳಿಯಲಿಲ್ಲ. ಹಾರಿಸಿದಾಗಲೆಲ್ಲ ಬಟ್ಟಿನೊಳಗಿನ ಸ್ಪ್ರಿಂಗು ಕೆನ್ನೆಯ ಪಕ್ಕದಲ್ಲೇ ‘ಝಣ್’ ಎನ್ನುತ್ತದೆ, ಅದೊಂದು ಮೊದಮೊದಲು ಕಿರಿಕಿರಿ ಎಂದರು. ಬಿಸಿ ಹಿತ್ತಾಳೆ ತೋಟಾಗಳು ಬಲಕ್ಕೆ ಚಿಮ್ಮಿ ಸಿಮೆಂಟಿನ ಮೇಲೆ ಕುಣಿಯುತ್ತಿದ್ದವು. ಆಟ ಮುಗಿದ ಮೇಲೆ ಯಜಮಾನರು ಪೊರಕೆ ಹಿಡಿದು ಅವನ್ನೆಲ್ಲ ಗುಡಿಸಿ ಬಕೆಟ್ಟಿಗೆ ತುಂಬಿದರು. ಮತ್ತೆ ಮದ್ದು ತುಂಬಿ ಬಳಸುತ್ತಾರಂತೆ.

ಆಕರ್ಷಣೆಯ ಇನ್ನೊಂದು ಭಾಗ ಜೋಡಣೆ. ಇದರಲ್ಲಿ ಕಾನೂನಿನ ಕಣ್ಣಿಗೆ ಬಂದೂಕು ಎನಿಸಿಕೊಳ್ಳುವುದು ಕ್ರಮಸಂಖ್ಯೆ ಕೊರೆದಿರುವ ಕೆಳಗಿನ ಚೌಕಟ್ಟು ಮಾತ್ರ. ನಳಿಗೆ, ಹಿಡಿ, ಬಟ್ಟು, ದುರ್ಬೀನು ಎಲ್ಲವನ್ನೂ ಹೆಚ್ಚಿನ ರಾಜ್ಯಗಳಲ್ಲಿ ಅಂಚೆಯಲ್ಲಿ ತರಿಸಿಕೊಂಡು ಮನೆಯ ಮೇಜಿನ ಮೇಲೆ ಬೇಕಾದಂತೆ ಕೂಡಿಸಬಹುದು. ಗಂಡಸರ ಬಾರ್ಬಿ ಗೊಂಬೆ ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಾರೆ. ನಮ್ಮ ಹುಡುಗರು ಬುಲೆಟ್ ಬೈಕಿನ ಸೈಲೆನ್ಸರಿಗೂ ಹ್ಯಾಂಡಲ್ಲಿಗೂ ಸುರಿಯುವ ಹಣ ಮತ್ತು ಪ್ರೀತಿಯನ್ನು ನೆನಪಿಸಿಕೊಂಡರೆ ಈ ಹುಚ್ಚು ಅಪರಿಚಿತ ಎನ್ನಿಸುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ತಲೆಮಾರುಗಳಿಂದ ತೋಕ್ (ಕೋವಿ) ಇದೆ. ಕೈಲ್‌ಪೊಳ್ದ್ ಹಬ್ಬಕ್ಕೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತೇವೆ. ಆದರೆ ಬೇಟೆಗಾರನಿಗೆ 30 ತೋಟಾಗಳ ಮ್ಯಾಗಜೀನ್ ಯಾಕೆ? ಅಲ್ಲಿನ ಬೇಟೆಗಾರರೇ ಇದನ್ನು ಒಪ್ಪುತ್ತಾರೆಯೆ?
– ಕಾಫಿ ಬೆಳೆಗಾರರೊಬ್ಬರು, ಮಡಿಕೇರಿ ತಾಲ್ಲೂಕು

ಉತ್ತರ: ನೀವು ಕೇಳಿದ ಪ್ರಶ್ನೆಯನ್ನೇ ಅಲ್ಲಿ ಒಬ್ಬರು ಬಾಯಿಬಿಟ್ಟು ಕೇಳಿ ನೆಲೆ ಕಳೆದುಕೊಂಡರು. ಜಿಮ್ ಜಂಬೋ ಎಂಬುವರು ‘ಔಟ್‌ಡೋರ್ ಲೈಫ್’ ಪತ್ರಿಕೆಯ ಬೇಟೆ ವಿಭಾಗದ ಸಂಪಾದಕರು, ಟಿವಿ ಕಾರ್ಯಕ್ರಮವನ್ನೂ ನಡೆಸುತ್ತಿದ್ದವರು. 2007ರ ಫೆಬ್ರವರಿಯಲ್ಲಿ ಅವರು, ಬೇಟೆಯಲ್ಲಿ ಎಆರ್ ರೈಫಲ್ಲಿಗೆ ಜಾಗವಿಲ್ಲ, ಅದು ಭಯೋತ್ಪಾದಕರ ರೈಫಲ್ಲು, ಬೇಟೆಯ ತಾಣಗಳಿಂದ ಅದನ್ನು ನಿಷೇಧಿಸಬೇಕು ಎಂಬ ಅರ್ಥದಲ್ಲಿ ಬರೆದರು. ಜನ್ಮವಿಡೀ ಕೋವಿಯ ಜೊತೆಗೇ ಬದುಕಿದ ಮನುಷ್ಯ. ಕೆಲವೇ ದಿನಗಳಲ್ಲಿ ಬಂದೂಕು ಕಂಪನಿಯ ಪ್ರಾಯೋಜಕತ್ವ, ಪತ್ರಿಕೆಯ ಹುದ್ದೆ, ಟಿವಿ ಕಾರ್ಯಕ್ರಮ ಎಲ್ಲವೂ ಕೈಬಿಟ್ಟವು. ಅವರು ಕ್ಷಮೆ ಕೇಳಿದರೂ ಬಿರುಗಾಳಿ ನಿಲ್ಲಲಿಲ್ಲ. ಅವರನ್ನು ಹಿಡಿದು ಉರುಳಿಸಿದವರು ಬಂದೂಕಿನ ವಿರೋಧಿಗಳಲ್ಲ, ಇನ್ನೊಂದು ಬಗೆಯ ಬಂದೂಕುಪ್ರಿಯರು.

ಈ ಒಳಜಗಳಕ್ಕೆ ಅವರಲ್ಲಿ ಒಂದು ಬೈಗುಳವೇ ಇದೆ. ಮೊಲದ ಹಿಂದೆ ಕೋವಿ ಹಿಡಿದು ಓಡುವ ಪೆದ್ದ ಬೇಟೆಗಾರನ ವ್ಯಂಗ್ಯಚಿತ್ರದಿಂದ ಬಂದ ‘ಫಡ್’ ಎಂಬ ಪದ ಅದು. ನನ್ನ ಜಿಂಕೆ ಕೋವಿಯನ್ನು ಮುಟ್ಟದಿದ್ದರೆ ಸಾಕು, ಮಿಕ್ಕದ್ದನ್ನು ಸರ್ಕಾರ ಏನಾದರೂ ಮಾಡಿಕೊಳ್ಳಲಿ ಎನ್ನುವ ಹಿರಿಯ ಬೇಟೆಗಾರನಿಗೆ ಕಿರಿಯರು ಆ ಹೆಸರಿಡುತ್ತಾರೆ. ಮಿನಿ-14 ತಯಾರಿಸಿದ ವಿಲಿಯಂ ರೂಗರ್ ಅವರೇ 1989ರಲ್ಲಿ ಸಂಸತ್ತಿನ ಸದಸ್ಯರಿಗೆ ಪತ್ರ ಬರೆದು, ಬಂದೂಕುಗಳನ್ನು ನಿಷೇಧಿಸುವ ಬದಲು ಮ್ಯಾಗಜೀನನ್ನು 15 ತೋಟಾಗಳಿಗೆ ಮಿತಿಗೊಳಿಸಿ ಎಂದು ಸಲಹೆ ಕೊಟ್ಟಿದ್ದರು. ಅವರು ತೀರಿಕೊಂಡು ಇಪ್ಪತ್ತು ವರ್ಷ ದಾಟಿದ್ದರೂ ಈ ಒಂದು ಪತ್ರಕ್ಕಾಗಿ ಇಂದಿಗೂ ಬೈಸಿಕೊಳ್ಳುತ್ತಾರೆ.

ನೇರವಾಗಿ ನಿಮ್ಮ ಪ್ರಶ್ನೆಗೆ ಬಂದರೆ, ಜಿಂಕೆಗೆ 30 ತೋಟಾ ಬೇಕು ಎಂದು ಗಂಭೀರ ಬೇಟೆಗಾರನು ಯಾರೂ ಹೇಳುವುದಿಲ್ಲ. ವರ್ಜೀನಿಯಾದಂಥ ರಾಜ್ಯದಲ್ಲಿ .23 ಅಂಗುಲಕ್ಕಿಂತ ಸಣ್ಣ ನಳಿಗೆಯ ರೈಫಲ್ಲಿನಿಂದ ಜಿಂಕೆ ಹೊಡೆಯುವಂತಿಲ್ಲ, ಅಂದರೆ ಎಆರ್-15ರ ಸಾಮಾನ್ಯ .223 ತೋಟಾ ಜಿಂಕೆಯನ್ನು ಒಂದೇ ಏಟಿಗೆ ಕೆಡವಲು ಸಾಲದು ಎಂಬ ಲೆಕ್ಕಾಚಾರ. ಪೆನ್ಸಿಲ್ವೇನಿಯಾದ ಬೇಟೆ ಆಯೋಗ 2017ರಲ್ಲಿ ಸಣ್ಣ ಪ್ರಾಣಿಗಳ ಬೇಟೆಗೆ ಅರೆಸ್ವಯಂಚಾಲಿತ ರೈಫಲ್ಲನ್ನು ಒಪ್ಪಿಕೊಂಡಿತಾದರೂ ಜಿಂಕೆಯಂಥ ದೊಡ್ಡ ಬೇಟೆಗೆ ಒಪ್ಪಲಿಲ್ಲ. ಬೇಡ ಎಂದು ಒತ್ತಾಯಿಸಿದವರಲ್ಲಿ ಬೇಟೆಗಾರರೇ ಬಹಳ ಮಂದಿ ಇದ್ದರು. ಟೆಕ್ಸಾಸಿನ ಕಾಡುಹಂದಿಯ ವಿಷಯ ಬೇರೆ. ಹಿಂಡು ಹಿಂಡಾಗಿ ಬಂದು ಹೊಲ ಅಗೆಯುವ ಹಂದಿಗಳಿಗೆ ಒಂದರ ಮೇಲೊಂದು ಗುಂಡು ಬೇಕೇ ಬೇಕು ಎಂದು ಅಲ್ಲಿನ ರೈತ ಹೇಳಿದರೆ, ಕಾಡುಹಂದಿಯ ಕಾಟ ಕಂಡ ನೀವೂ ನಾನೂ ಅದನ್ನು ಅಲ್ಲಗಳೆಯಲಾರೆವು. ಇನ್ನೊಂದು ಕೌತುಕದ ಸಂಗತಿ ಇದೆ. ವಲಸೆ ಬಾತುಕೋಳಿಗಳನ್ನು ಹೊಡೆಯುವಾಗ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಇರಬಾರದು ಎಂಬುದು 1930ರ ದಶಕದಿಂದಲೂ ಅಮೆರಿಕದ ರಾಷ್ಟ್ರೀಯ ನಿಯಮ. ಬಾತುಕೋಳಿಗೆ ಸಿಕ್ಕ ರಕ್ಷಣೆ ಶಾಲೆಯ ಮಕ್ಕಳಿಗೆ ಸಿಗಲಿಲ್ಲ ಎಂದು ನಿಷೇಧದ ಪರವಾಗಿರುವವರು ಚುಚ್ಚುತ್ತಾರೆ. ಬಂದೂಕಿನ ಹಕ್ಕು ಇರುವುದು ಬೇಟೆಗಲ್ಲ ಎಂದು ಎದುರು ಪಕ್ಷ ಉತ್ತರಿಸುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಬಂದೂಕು ಪರವಾನಗಿ ವಿನಾಯಿತಿ 2029ರ ಅಕ್ಟೋಬರ್ 31ರ ವರೆಗೆ ಮುಂದುವರಿದಿರುವುದೂ, ಅದನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿರುವುದೂ ನಿಮಗೆ ತಿಳಿದೇ ಇದೆ. ಅಲ್ಲಿನ ಹಕ್ಕಿಗೂ ಇದಕ್ಕೂ ಹೋಲಿಕೆ ಹುಡುಕುವವರು, ಇದು ಸರ್ಕಾರದ ಅಧಿಸೂಚನೆಯೊಂದು ಕೊಟ್ಟ, ಅವಧಿ ಮುಗಿದಾಗ ಮತ್ತೆ ಕೇಳಿ ಪಡೆಯಬೇಕಾದ ವಿನಾಯಿತಿ ಎಂಬುದನ್ನು ಮರೆಯಬಾರದು.

ಪ್ರಶ್ನೆ: ರೈಫಲ್ಲಿನಿಂದ ಸಾಯುವವರು ಬಹಳ ಕಡಿಮೆ, ಚಾಕುವಿನಿಂದ ಸಾಯುವವರೇ ಹೆಚ್ಚು ಎಂದು ಬಂದೂಕುಪ್ರಿಯರು ಹೇಳುತ್ತಾರೆ. ಇದು ನಿಜವೆ?
– ಕಾನೂನು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಂಕಿ ನಿಜ. ಎಫ್‌ಬಿಐ ಪ್ರಕಟಿಸಿದ 2019ರ ಪಟ್ಟಿಯಲ್ಲಿ ವಿವರ ಸಿಕ್ಕ 13,927 ಕೊಲೆಗಳಿವೆ; ಅವುಗಳಲ್ಲಿ ಕೈಬಂದೂಕಿನಿಂದ ಆದದ್ದು 6,368, ಚಾಕು ಚೂರಿಗಳಿಂದ 1,476, ಬರಿಗೈ ಕಾಲುಗಳಿಂದ 600, ಎಲ್ಲ ಬಗೆಯ ರೈಫಲ್ಲುಗಳೂ ಸೇರಿ 364. ಈ ಕೊನೆಯ ಎರಡು ಸಂಖ್ಯೆಗಳನ್ನು ಬಂದೂಕುಪ್ರಿಯನೊಬ್ಬನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯಾನು. ಆದರೆ ಅದೇ ಪಟ್ಟಿಯಲ್ಲಿ ಬಂದೂಕು ಯಾವ ಬಗೆಯದೆಂದು ಪೊಲೀಸರು ನಮೂದಿಸದ ಮೂರು ಸಾವಿರಕ್ಕೂ ಹೆಚ್ಚು ಕೊಲೆಗಳಿರುವುದನ್ನು ಅವರು ಹೇಳುವುದಿಲ್ಲ. ಅವುಗಳನ್ನು ಹಂಚಿದರೂ ರೈಫಲ್ಲಿನ ಪಾಲು ಚಿಕ್ಕದಾಗಿಯೇ ಉಳಿಯುತ್ತದೆ, ಅದು ಬೇರೆ ಮಾತು. ಬಂದೂಕಿನ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಆತ್ಮಹತ್ಯೆಗಳು, ಅಲ್ಲಿಯೂ ಪಿಸ್ತೂಲಿನದೇ ಮೇಲುಗೈ.

ನಿಷೇಧ ಕೇಳುವವರ ವಾದ ನಿಂತಿರುವುದು ಒಟ್ಟು ಸಂಖ್ಯೆಯ ಮೇಲಲ್ಲ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು ಆರು ಮಂದಿ ದೊಡ್ಡವರು, 2018ರಲ್ಲಿ ಪಾರ್ಕ್‌ಲ್ಯಾಂಡಿನಲ್ಲಿ 17 ಮಂದಿ, 2022ರ ಮೇ ತಿಂಗಳಲ್ಲಿ ಯುವಾಲ್ಡೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಸತ್ತಾಗ ಕೊಂದವರ ಕೈಯಲ್ಲಿ ಇದ್ದದ್ದು ಇದೇ ಬಗೆಯ ರೈಫಲ್ಲು. ಸುಮಾರು ಮೂರೂವರೆ ಗ್ರಾಂ ತೂಕದ ಅದರ ಗುಂಡು ಸೆಕೆಂಡಿಗೆ 970 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತದೆ, ಸಾಮಾನ್ಯ 9 ಮಿಲಿಮೀಟರ್ ಪಿಸ್ತೂಲಿನ ಗುಂಡಿಗಿಂತ ಎರಡೂವರೆ ಪಟ್ಟು ವೇಗ, ಸುಮಾರು ಮೂರು ಪಟ್ಟು ಶಕ್ತಿ. ಪಿಸ್ತೂಲಿನ ಗುಂಡು ತನ್ನ ದಾರಿಯಲ್ಲಿ ಸಿಕ್ಕದ್ದನ್ನು ಮಾತ್ರ ತೂತು ಮಾಡಿದರೆ ಇದು ಸುತ್ತಲಿನ ಅಂಗಾಂಶವನ್ನೂ ಹರಿದುಹಾಕುತ್ತದೆ ಎಂದು ಗಾಯಗಳನ್ನು ಹೊಲಿದ ವೈದ್ಯರು ಹೇಳಿದ್ದಾರೆ. ಬಂದೂಕುಪ್ರಿಯರು ಇದಕ್ಕೆ, ಅಜ್ಜನ .30-06 ಜಿಂಕೆ ಕೋವಿಯ ಶಕ್ತಿ ಇದರ ಎರಡು ಪಟ್ಟಿಗೂ ಹೆಚ್ಚು ಎನ್ನುತ್ತಾರೆ. ಅದೂ ನಿಜವೇ. ಆದರೆ ಆ ಕೋವಿಯಲ್ಲಿ ಪ್ರತಿ ಸಲ ಬೋಲ್ಟ್ ಎಳೆಯಬೇಕು, ನಾಲ್ಕೈದು ಗುಂಡಿಗೆ ಮುಗಿಯಿತು, ಮತ್ತು ಭುಜ ಅದನ್ನು ನೆನಪಿಡುತ್ತದೆ. ಆ ಅಜ್ಜಿ ಅಷ್ಟು ಸಲೀಸಾಗಿ ಹಾರಿಸಿದ್ದನ್ನು ನಾನು ಮೇಲೆ ವರ್ಣಿಸಿದೆನಲ್ಲ, ಆಕೆಗೆ ಅನುಕೂಲವಾದ ಆ ಗುಣವೇ ಹದಿನೆಂಟರ ಕೊಲೆಗಡುಕನಿಗೂ ಅನುಕೂಲವಾಗುತ್ತದೆ.

ಒಂದೇ ಘಟನೆಯಿಂದ ಎರಡೂ ಕಡೆಯವರು ತಮಗೆ ಬೇಕಾದ್ದನ್ನು ಎತ್ತಿಕೊಳ್ಳುವುದನ್ನು ನೀವು ಅಲ್ಲಿ ಮತ್ತೆ ಮತ್ತೆ ಕಾಣುವಿರಿ. ಯುವಾಲ್ಡೆಯಲ್ಲಿ 376 ಮಂದಿ ಪೊಲೀಸರು ಬಂದರೂ ಕೊಠಡಿಯ ಬಾಗಿಲು ನುಗ್ಗಲು 77 ನಿಮಿಷ ಹಿಡಿಯಿತು. ಪೊಲೀಸರನ್ನು ನಂಬಿ ಕೂರಬೇಡಿ, ನಿಮ್ಮದೇ ರೈಫಲ್ಲಿರಲಿ ಎಂದು ಬಂದೂಕುಪ್ರಿಯರು. ಆ ರೈಫಲ್ಲಿಗೆ ಹೆದರಿಯೇ ಅಷ್ಟು ಪೊಲೀಸರು ನಿಂತುಬಿಟ್ಟರಲ್ಲ ಎಂದು ವಿರೋಧಿಗಳು. 2017ರ ನವೆಂಬರಿನಲ್ಲಿ ಟೆಕ್ಸಾಸಿನ ಸದರ್ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ 26 ಜೀವಗಳನ್ನು ತೆಗೆದವನ ಕೈಯಲ್ಲಿ ಎಆರ್ ಮಾದರಿಯ ರೈಫಲ್ಲಿತ್ತು. ಬರಿಗಾಲಲ್ಲಿ ಓಡಿಬಂದು ಅವನಿಗೆ ಗುಂಡು ಹೊಡೆದ ನೆರೆಮನೆಯವನ ಕೈಯಲ್ಲೂ ಎಆರ್-15 ಇತ್ತು.

ಪ್ರಶ್ನೆ: ಸರ್ಕಾರ ಸರ್ವಾಧಿಕಾರಿಯಾದರೆ ಎದುರಿಸಲು ಈ ಬಂದೂಕು ಬೇಕು ಎನ್ನುತ್ತಾರಂತೆ. ಟ್ಯಾಂಕು, ಡ್ರೋನುಗಳ ಮುಂದೆ ಇದು ಹಾಸ್ಯಾಸ್ಪದವಲ್ಲವೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಧಾರವಾಡದವರಾಗಿ ನೀವು ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮಿಂದ ಹೆಚ್ಚು ದೂರವಿಲ್ಲದ ಮುಧೋಳದ ಹಲಗಲಿಯಲ್ಲಿ ಇದಕ್ಕೆ ಹತ್ತಿರದ ಸಂಗತಿಯೊಂದು ನಡೆದಿದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಇಂಗ್ಲಿಷರ ಕಾನೂನು ಬಂದಾಗ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಆ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ನೇಣಿಗೆ ಹಾಕಿದರು. ನಮ್ಮ ಲಾವಣಿಕಾರರು ಅದನ್ನು ಹಾಸ್ಯಾಸ್ಪದ ಎಂದು ಹಾಡಲಿಲ್ಲ. ಅಮೆರಿಕದ ಬಂದೂಕುಪ್ರಿಯನಿಗೆ ಈ ಕಥೆ ಗೊತ್ತಿದ್ದರೆ ದಿನಕ್ಕೆ ನಾಲ್ಕು ಬಾರಿ ಹೇಳುತ್ತಿದ್ದ. ಗೊತ್ತಿಲ್ಲದ್ದರಿಂದ ಗಾಂಧೀಜಿಯನ್ನು ಹಿಡಿದುಕೊಂಡಿದ್ದಾನೆ. ಬ್ರಿಟಿಷರ ದುಷ್ಕೃತ್ಯಗಳಲ್ಲಿ ಇಡೀ ರಾಷ್ಟ್ರವನ್ನು ನಿರಾಯುಧಗೊಳಿಸಿದ ಕಾನೂನು ಅತ್ಯಂತ ಕರಾಳವಾದುದು ಎಂಬ ಅರ್ಥದ ಗಾಂಧೀಜಿಯವರ ಮಾತನ್ನು ಅಲ್ಲಿ ಎಷ್ಟೋ ಮಂದಿ ಉದ್ಧರಿಸುತ್ತಾರೆ. ಅದು 1918ರಲ್ಲಿ, ಮೊದಲ ಮಹಾಯುದ್ಧಕ್ಕೆ ಗುಜರಾತಿನ ರೈತರನ್ನು ಸೇರಿಸುವ ಕರಪತ್ರದಲ್ಲಿ ಬಂದ ಮಾತು ಎಂಬ ಸಂದರ್ಭ ಮಾತ್ರ ಬಿಟ್ಟುಹೋಗುತ್ತದೆ. ಆದರೂ ಅದು ಒಬ್ಬರ ಲಹರಿಯಲ್ಲ. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು. ಅದನ್ನು ಸಂವಿಧಾನಕ್ಕೂ ಸೇರಿಸಬೇಕೆಂದು 1948ರ ಡಿಸೆಂಬರಿನಲ್ಲಿ ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಆದ್ದರಿಂದಲೇ ನಮ್ಮ ಮಲೆನಾಡಿನ ರೈತ ಪ್ರತಿ ಚುನಾವಣೆಗೂ ತನ್ನ ಕೋವಿಯನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಸಾಲಿನಲ್ಲಿ ನಿಂತು ಬಿಡಿಸಿಕೊಂಡು ಬರುತ್ತಾನೆ. ಇದನ್ನು ಆ ಪೆನ್ಸಿಲ್ವೇನಿಯಾದವರಿಗೆ ಹೇಳಿದಾಗ ಅವರು ಗುಡಿಸುತ್ತಿದ್ದ ಪೊರಕೆಯನ್ನು ನಿಲ್ಲಿಸಿ, “ಮತದಾನಕ್ಕೆ ಮೊದಲೇ? ಅದೇ ಹೊತ್ತಿನಲ್ಲೇ?” ಎಂದು ಎರಡು ಸಲ ಕೇಳಿದರು.

ಅವರ ಸಂವಿಧಾನದ ಎರಡನೆಯ ತಿದ್ದುಪಡಿ 1791ರಲ್ಲಿ ಜಾರಿಯಾಯಿತು. ಸುವ್ಯವಸ್ಥಿತ ನಾಗರಿಕ ಪಡೆ ಸ್ವತಂತ್ರ ರಾಜ್ಯದ ಭದ್ರತೆಗೆ ಅಗತ್ಯ ಎಂದು ಆರಂಭವಾಗಿ, ಆಯುಧ ಹೊಂದುವ ಜನರ ಹಕ್ಕಿಗೆ ಚ್ಯುತಿ ಬರಕೂಡದು ಎಂದು ಮುಗಿಯುವ ಒಂದೇ ವಾಕ್ಯ ಅದು. ಟ್ಯಾಂಕಿನ ಪ್ರಶ್ನೆಗೆ ಬಂದೂಕುಪ್ರಿಯರು ವಿಯೆಟ್ನಾಂ, ಅಫ್ಘಾನಿಸ್ತಾನಗಳನ್ನು ತೋರಿಸುತ್ತಾರೆ. ಸರ್ಕಾರವಲ್ಲ, ಸರ್ಕಾರ ಇಲ್ಲದ ದಿನಗಳನ್ನು ನೆನೆಯಿರಿ ಎಂದು ಇನ್ನು ಕೆಲವರು 1992ರ ಲಾಸ್ ಏಂಜಲೀಸ್ ಗಲಭೆಯ ಸಮಯದಲ್ಲಿ ಅಂಗಡಿಗಳ ಮಾಡು ಹತ್ತಿ ರೈಫಲ್ಲು ಹಿಡಿದು ನಿಂತ ಕೊರಿಯನ್ ವ್ಯಾಪಾರಿಗಳ ಚಿತ್ರ ತೋರಿಸುತ್ತಾರೆ. ಈ ಎರಡನೆಯದು ವಲಸಿಗರ ಮನಸ್ಸಿಗೆ ತಟ್ಟುವ ವಾದ.

ನನಗೆ ಅವರ ವಾದದಲ್ಲಿ ಹಾಸ್ಯಾಸ್ಪದವಾಗಿ ಕಾಣುವುದು ಟ್ಯಾಂಕಲ್ಲ. ಬೆಳಿಗ್ಗೆ ಅವರು, ಇದು ಸೇನೆಯ ಆಯುಧವಲ್ಲ, ಸಾಧಾರಣ ಕ್ರೀಡಾ ರೈಫಲ್ಲು ಎನ್ನುತ್ತಾರೆ. ಸಂಜೆ ಅವರೇ, ಸೇನೆಯನ್ನು ಎದುರಿಸಬಲ್ಲ ಆಯುಧ ಇದೇ ಆದ್ದರಿಂದ ಸಂವಿಧಾನ ಇದನ್ನೇ ಕಾಪಾಡುತ್ತದೆ ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಆದರೆ ಈ ಇಬ್ಬಂದಿತನವನ್ನು ಅವರ ಮೇಲೇ ಹೊರಿಸುವುದು ಅನ್ಯಾಯವಾದೀತು, ಏಕೆಂದರೆ ಅವರ ಸುಪ್ರೀಂ ಕೋರ್ಟೇ ಎರಡು ದಾರಿ ತೋರಿಸಿದೆ. 1939ರ ಮಿಲ್ಲರ್ ಪ್ರಕರಣದಲ್ಲಿ, ನಳಿಗೆ ಕತ್ತರಿಸಿದ ಕೋವಿಗೂ ನಾಗರಿಕ ಪಡೆಗೂ ಸಂಬಂಧ ತೋರಿಸದ ಹೊರತು ಅದಕ್ಕೆ ರಕ್ಷಣೆಯಿಲ್ಲ ಎಂದಿತು. ಅಂದರೆ ಸೈನಿಕ ಉಪಯೋಗ ಇದ್ದಷ್ಟೂ ಹಕ್ಕು ಗಟ್ಟಿ. 2008ರ ಹೆಲ್ಲರ್ ಪ್ರಕರಣದಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ, ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಹೊಂದುವುದು ವ್ಯಕ್ತಿಯ ಹಕ್ಕು ಎಂದು ಘೋಷಿಸಿತಾದರೂ, ರಕ್ಷಣೆ ಜನಸಾಮಾನ್ಯರ ಬಳಕೆಯಲ್ಲಿರುವ ಆಯುಧಗಳಿಗೆ ಎಂದಿತು, ಎಂ16ರಂಥವನ್ನು ನಿಷೇಧಿಸಬಹುದು ಎಂಬ ಸುಳಿವನ್ನೂ ಬಿಟ್ಟಿತು. ಅಂದರೆ ಸೈನಿಕ ಉಪಯೋಗ ಇದ್ದಷ್ಟೂ ಹಕ್ಕು ಸಡಿಲ. ಮೇರಿಲ್ಯಾಂಡಿನ ನಿಷೇಧವನ್ನು ಎತ್ತಿಹಿಡಿದ ಕೆಳ ನ್ಯಾಯಾಲಯ ಈ ಸುಳಿವನ್ನೇ ಹಿಡಿದುಕೊಂಡಿತು. ಬಂದೂಕುಪ್ರಿಯರು ಹಿಡಿದುಕೊಂಡದ್ದು ‘ಜನಸಾಮಾನ್ಯರ ಬಳಕೆ’ ಎಂಬ ಪದವನ್ನು. ಮೇಲ್ಮನವಿ ತಳ್ಳಿಹಾಕಿದ ದಿನ ನ್ಯಾಯಮೂರ್ತಿ ಕ್ಯಾವನಾ ಪ್ರತ್ಯೇಕವಾಗಿ ಬರೆದ ಟಿಪ್ಪಣಿಯಲ್ಲಿ, ಅಮೆರಿಕನ್ನರ ಬಳಿ ಅಂದಾಜು 2ರಿಂದ 3 ಕೋಟಿ ಎಆರ್-15ಗಳಿವೆ, ಈ ಪ್ರಶ್ನೆಯನ್ನು ನ್ಯಾಯಾಲಯ ಬೇಗನೆ ಎತ್ತಿಕೊಳ್ಳಬೇಕು ಎಂದಿದ್ದಾರೆ. ನಿಷೇಧದ ಮಾತು ಎದ್ದಾಗಲೆಲ್ಲ ಅಂಗಡಿಗಳ ಮುಂದೆ ಸಾಲು ಬೆಳೆದು ಮಾರಾಟ ಏರಿದ್ದರಿಂದಲೂ ಆ ಸಂಖ್ಯೆ ಅಲ್ಲಿಗೆ ಮುಟ್ಟಿದೆ ಎಂಬುದು ಇದರ ವ್ಯಂಗ್ಯ.

ಎಲ್ಲರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ ಎಂದೂ ತಿಳಿಯಬೇಡಿ. 2017ರಲ್ಲಿ ಲಾಸ್ ವೇಗಸ್ಸಿನ ಹೋಟೆಲ್ಲಿನ 32ನೆಯ ಮಹಡಿಯಿಂದ ಸಂಗೀತ ಸಭೆಯ ಮೇಲೆ ಹತ್ತೇ ನಿಮಿಷಗಳಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಸುರಿದವನು, ರೈಫಲ್ಲಿನ ಹಿಂದೊತ್ತುವಿಕೆಯನ್ನೇ ಬಳಸಿ ಟ್ರಿಗರನ್ನು ಬೆರಳಿಗೆ ಬಡಿಸುವ ‘ಬಂಪ್ ಸ್ಟಾಕ್’ ಎಂಬ ಸಾಧನ ಬಳಸಿದ್ದ. ಅಂಥ ಸಾಧನಕ್ಕೆ ಹೆಚ್ಚಿನ ನಿಯಂತ್ರಣ ಬೇಕು ಎಂದು 1871ರಷ್ಟು ಹಳೆಯ ಬಂದೂಕು ಸಂಘ ಎನ್‌ಆರ್‌ಎ ಹೇಳಿದರೆ, ಸಂಘವೇ ಶರಣಾಯಿತು ಎಂದು ಬೇರೆ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2024ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಆರಕ್ಕೆ ಮೂರರಂತೆ, ಈ ಸಾಧನ ರೈಫಲ್ಲನ್ನು ಮಷಿನ್ ಗನ್ ಮಾಡುವುದಿಲ್ಲ, ಅದರ ಮೇಲೆ ಸರ್ಕಾರದ ಬಂದೂಕು ಇಲಾಖೆ ಹೇರಿದ್ದ ನಿಷೇಧ ನಿಲ್ಲದು ಎಂದಿತು.

ಪ್ರಶ್ನೆ: ಬಂದೂಕುಪ್ರಿಯರು ತಾವಾಗಿ ಬಿಟ್ಟುಕೊಟ್ಟ ದೇಶ ಇದೆಯೆ?
– ಓದುಗರೊಬ್ಬರು, ಉಡುಪಿ

ಉತ್ತರ: ತಾವಾಗಿ ಅಲ್ಲ. 1996ರ ಏಪ್ರಿಲಿನಲ್ಲಿ ಪೋರ್ಟ್ ಆರ್ಥರಿನಲ್ಲಿ 35 ಮಂದಿ ಸತ್ತ ಮೇಲೆ ಆಸ್ಟ್ರೇಲಿಯಾ ಅರೆಸ್ವಯಂಚಾಲಿತ ರೈಫಲ್ಲುಗಳನ್ನು ನಿಷೇಧಿಸಿ, ಹಣ ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಿಂಪಡೆಯಿತು. ಪ್ರಧಾನಿ ಜಾನ್ ಹೊವಾರ್ಡ್ ಸೇಲ್ ಎಂಬ ಊರಿನಲ್ಲಿ ಬಂದೂಕುಪ್ರಿಯರ ಸಭೆಯನ್ನು ಎದುರಿಸಿದಾಗ ಕೋಟಿನೊಳಗೆ ಗುಂಡುನಿರೋಧಕ ಕವಚ ಧರಿಸಿದ್ದು ಎದ್ದು ಕಾಣುತ್ತಿತ್ತು. ನ್ಯೂಜಿಲೆಂಡ್ 2019ರಲ್ಲಿ ಕ್ರೈಸ್ಟ್‌ಚರ್ಚ್ ಹತ್ಯಾಕಾಂಡದ ನಂತರ ಅದೇ ದಾರಿ ಹಿಡಿಯಿತು. ಆ ಎರಡೂ ದೇಶಗಳಲ್ಲಿ ಬಂದೂಕು ಸಂವಿಧಾನದ ಹಕ್ಕಲ್ಲ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಇಲ್ಲಿ ಕೆಲಸ ಮಾಡುತ್ತಿದ್ದೇನೆ. ಸಹೋದ್ಯೋಗಿಗಳು ವಾರಾಂತ್ಯಕ್ಕೆ ಗುರಿ ಅಭ್ಯಾಸಕ್ಕೆ ಕರೆಯುತ್ತಾರೆ, ಒಂದು ಎಆರ್ ಕೊಂಡುಕೋ ಎಂದೂ ಹೇಳುತ್ತಾರೆ. ಹೋಗಬಹುದೆ?
– ಸಾಫ್ಟ್‌ವೇರ್ ಉದ್ಯೋಗಿ, ಡಲ್ಲಾಸ್

ಉತ್ತರ: ನಿಮ್ಮ ಸಹೋದ್ಯೋಗಿಗಳು ಪ್ರೀತಿಯಿಂದಲೇ ಕರೆಯುತ್ತಿರಬಹುದು, ಆದರೆ ಅವರಿಗೆ ಅನ್ವಯಿಸುವ ಕಾನೂನು ನಿಮಗೆ ಅನ್ವಯಿಸುವುದಿಲ್ಲ. ವಲಸೆಯೇತರ ವೀಸಾದಲ್ಲಿ ಪ್ರವೇಶಿಸಿದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಅಪರಾಧ, ಮತ್ತು ಎಚ್-1ಬಿ ಅಂಥದ್ದೇ ವೀಸಾ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆಯಿಲ್ಲ. ಮುಖ್ಯ ವಿನಾಯಿತಿ ಎಂದರೆ, ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ನಿಮ್ಮ ಹೆಸರಿನಲ್ಲಿರಬೇಕು. ಬೇಟೆಯಾಡುವ ಉದ್ದೇಶವೇ ಇಲ್ಲದ ಎಷ್ಟೋ ಮಂದಿ ಭಾರತೀಯರು ಇದಕ್ಕಾಗಿಯೇ ಆ ಚೀಟಿ ಮಾಡಿಸಿಕೊಳ್ಳುತ್ತಾರೆ. ಬಂದೂಕು ಕೊಳ್ಳುವ ಮಾತು ಹಾಗಿರಲಿ, ಬಾಡಿಗೆಗೆ ಪಡೆದು ಮೈದಾನದಲ್ಲಿ ಹತ್ತು ನಿಮಿಷ ಕೈಯಲ್ಲಿ ಹಿಡಿಯುವುದನ್ನೂ ‘ಹೊಂದುವುದು’ ಎಂದೇ ಪರಿಗಣಿಸಬಹುದು. ಆ ತಪ್ಪಿನಿಂದ ಬರುವ ತೊಂದರೆ ದಂಡಕ್ಕೆ ಮುಗಿಯದೆ ವೀಸಾದ ಬುಡಕ್ಕೇ ಹೋಗುತ್ತದೆ. ವಲಸೆ ವಿಷಯ ಬಲ್ಲ ವಕೀಲರನ್ನು ಮೊದಲು ಕೇಳಿರಿ. ಅಷ್ಟರೊಳಗೆ ಕರೆದರೆ ಹೋಗಿ, ಹಳದಿ ಗೆರೆಯ ಹಿಂದೆ ನಿಂತು ನೋಡಿಕೊಂಡು ಬನ್ನಿ. ಕಿವಿಯ ಮುಚ್ಚಳವನ್ನು ಮಾತ್ರ ತೆಗೆಯಬೇಡಿ, ಮತ್ತು ಹಾರಿಸುವವರ ಬಲಗಡೆಗೆ ನಿಲ್ಲಬೇಡಿ, ಬಿಸಿ ತೋಟಾ ಕಾಲರಿನೊಳಗೆ ಬೀಳುತ್ತದೆ.